ಸತ್ಯಾಂಶ: ಹಾವಿನ ಪೊರೆಯನ್ನು ಕಿತ್ತು ತೆಗೆಯಬೇಕೇ?

"ಸಾಕಿದ ಹಾವಿನ ಮೈಗೆ ಪೊರೆ ಅಂಟಿಕೊಂಡರೆ ಎಣ್ಣೆ ಹಚ್ಚಿ, ಚಿಮುಟದಿಂದ ಎಳೆದು ತೆಗೆಯಿರಿ" ಎಂಬ ಸಂದೇಶ ಹರಿದಾಡುತ್ತಿದೆ. ದಯವಿಟ್ಟು ಹಾಗೆ ಮಾಡಬೇಡಿ. ಒಳಗಿನ ಹೊಸ ಚರ್ಮ ಇನ್ನೂ ಎಳೆಯದು, ಕಿತ್ತರೆ ಗಾಯವಾಗುತ್ತದೆ.

ಪೊರೆ ತುಂಡುತುಂಡಾಗಿ ಉಳಿಯಲು ಸಾಮಾನ್ಯ ಕಾರಣ ಗೂಡಿನಲ್ಲಿ ತೇವಾಂಶ ಸಾಲದಿರುವುದು. ಹಾಗಾಗಿ ಬೇಕಾದದ್ದು ಎಣ್ಣೆಯಲ್ಲ, ನೀರು. ಸುಮಾರು 28–30 ಡಿಗ್ರಿ ಸೆಲ್ಸಿಯಸ್‌ ಬಿಸಿಯ ನೀರನ್ನು, ಹಾವು ಸುಲಭವಾಗಿ ತಲೆ ಎತ್ತಿಟ್ಟುಕೊಳ್ಳುವಷ್ಟು ಮಾತ್ರ, ಗಾಳಿಯಾಡುವ ಡಬ್ಬಿಗೆ ಹಾಕಿ 20 ನಿಮಿಷ ಬಿಡಿ. ಪಕ್ಕದಿಂದ ಕದಲಬೇಡಿ. ಆಮೇಲೆ ಒದ್ದೆ ಬಟ್ಟೆಯ ಮಡಿಕೆಗಳ ನಡುವೆ ಅದು ತಾನಾಗಿ ನುಸುಳಲಿ. ಬಹುಪಾಲು ಪೊರೆ ಅಲ್ಲೇ ಉಜ್ಜಿಕೊಂಡು ಹೋಗುತ್ತದೆ.

ಹೆಚ್ಚು ಹಾನಿಯಾಗುವುದು ಕಣ್ಣಿಗೆ. ಹಾವಿಗೆ ರೆಪ್ಪೆಯಿಲ್ಲ. ಕಣ್ಣನ್ನು ಕಾಯುವ ಪಾರದರ್ಶಕ ಪದರವೂ ಪೊರೆಯ ಜೊತೆಗೇ ಕಳಚುತ್ತದೆ. ಅದು ಉಳಿದಿದ್ದರೆ ಕೈ ಹಾಕಲೇಬೇಡಿ, ಕಣ್ಣೇ ಹೋದೀತು. ತೇವ ಹೆಚ್ಚಿಸಿದರೆ ಎಷ್ಟೋ ಸಲ ಮುಂದಿನ ಪೊರೆಯೊಂದಿಗೆ ಬಿಟ್ಟುಕೊಳ್ಳುತ್ತದೆ. ಇಲ್ಲವಾದರೆ ಸರೀಸೃಪಗಳನ್ನು ಬಲ್ಲ ಪಶುವೈದ್ಯರೇ ತೆಗೆಯಬೇಕು.

ಬಾಲದ ತುದಿಯಲ್ಲಿ ಉಂಗುರದಂತೆ ಬಿಗಿದ ಪೊರೆಗೆ ಮಾತ್ರ ತಡಮಾಡಬಾರದು. ರಕ್ತಸಂಚಾರ ನಿಂತು ತುದಿ ಕೊಳೆಯಬಹುದು. ಪ್ರತಿ ಸಲವೂ ಹೀಗೇ ಆಗುತ್ತಿದ್ದರೆ ಮೈಮೇಲೆ ಉಣ್ಣೆಗಳಿವೆಯೇ, ಬೇರೆ ಕಾಯಿಲೆ ಇದೆಯೇ ಎಂದು ವೈದ್ಯರಿಂದ ಪರೀಕ್ಷೆ ಮಾಡಿಸಿ.