ನಾಲ್ಕು ದಿನಕ್ಕೆ ಮೂರು ದ್ವೀಪ ಯಾಕೆ ತುರುಕುತ್ತೀರಿ?

ಅಪ್ಪ ಅಮ್ಮನನ್ನು ಮೊದಲ ಸಲ ಅಂಡಮಾನ್‌ಗೆ ಕರೆದುಕೊಂಡು ಹೋಗಬೇಕು ಅಂತ ಎರಡು ವಾರದಿಂದ ಕೂತಿದ್ದೇನೆ. ಇನ್ನೂ ಒಂದು ಟಿಕೆಟ್ ಕೂಡ ಆಗಿಲ್ಲ.

ಮೊದಲು ಹೆಸರುಗಳ ಗೊಂದಲ. 2018ರಲ್ಲಿ ಹ್ಯಾವ್‌ಲಾಕ್ ಸ್ವರಾಜ್ ದ್ವೀಪ ಆಯಿತು, ನೀಲ್ ಶಹೀದ್ ದ್ವೀಪ ಆಯಿತು. 2024ರಲ್ಲಿ, ವಿಮಾನ ಇಳಿಯುವ ಊರಾದ ಪೋರ್ಟ್ ಬ್ಲೇರ್ ಶ್ರೀ ವಿಜಯ ಪುರಂ ಆಯಿತು. ಒಂದು ಕಡೆ ಹಳೇ ಹೆಸರು, ಇನ್ನೊಂದು ಕಡೆ ಹೊಸದು. ಅಮ್ಮ ಇವು ಆರು ಊರು ಅಂದುಕೊಂಡಿದ್ದರು.

ಅದಿರಲಿ. ನನಗೆ ನಿಜವಾಗಿ ಸಿಟ್ಟು ಬರುವುದು ಪ್ಯಾಕೇಜ್ ಮಾಡಿಕೊಡುವವರ ಮೇಲೆ. ನಾಲ್ಕೇ ದಿನದಲ್ಲಿ ಮೂರೂ ದ್ವೀಪ! ಹ್ಯಾವ್‌ಲಾಕ್‌ಗೆ ವೇಗದ ಫೆರಿಯಲ್ಲೇ ಒಂದೂವರೆ ಗಂಟೆ ಮೇಲೆ ಬೇಕು. ಜೆಟ್ಟಿಗೆ ಮೊದಲೇ ಹೋಗಿ ಕಾಯಬೇಕು, ಸಾಮಾನು ಇಳಿಸಬೇಕು, ರೂಮು ಸೇರಬೇಕು. ಅಷ್ಟರಲ್ಲಿ ಅರ್ಧ ದಿನ ಮುಗಿಯಿತು ಅಲ್ವಾ? ಅಲ್ಲಿ ಚಳಿಗಾಲದಲ್ಲಿ ಸಂಜೆ ಐದರ ಸುಮಾರಿಗೇ ಸೂರ್ಯ ಮುಳುಗುತ್ತಾನೆ. ಮಂಡಿ ನೋವಿರುವ ಅಪ್ಪ ರಾಧಾನಗರ ಬೀಚಿನ ಮರಳಲ್ಲಿ ಕೂರುವುದು ಯಾವಾಗ?

ಇನ್ನೊಬ್ಬರಂತೂ ಕೊನೆಯ ದಿನ ಬೆಳಗ್ಗೆ ಫೆರಿ, ಮಧ್ಯಾಹ್ನ ವಿಮಾನ ಅಂತ ಬರೆದು ಕಳಿಸಿದರು. ಸಮುದ್ರ ಜೋರಾದರೆ ಫೆರಿ ರದ್ದಾಗುತ್ತದೆ. ಆಗ ವಿಮಾನದ ಗತಿ? ಕೇಳಿದರೆ "ಏನೂ ಆಗಲ್ಲ ಸರ್" ಅಂದರು. ಆದರೆ ಆ ಮಾತನ್ನು ಬರೆದು ಕೊಡಿ ಅಂದಾಗ ಫೋನ್ ಇಟ್ಟರು.

ಈಗ ನೀಲ್ ಬಿಟ್ಟು, ಕೊನೆಯ ರಾತ್ರಿ ಪೋರ್ಟ್ ಬ್ಲೇರ್‌ನಲ್ಲೇ ಉಳಿಯುವ ಹಾಗೆ ನಾನೇ ಹೊಸದಾಗಿ ಬರೆಯುತ್ತಿದ್ದೇನೆ.