ಸಣ್ಣ ಖರೀದಿಗೂ ಕಾರಣ ಬರೆದುಕೊಡಲಿ

ಹೊರದೇಶದಲ್ಲಿ ಕುಳಿತು ತವರಿನ ಆಡಳಿತವನ್ನು ಹಳಿಯುವುದು ಸುಲಭ. ಟೆಂಡರ್ ವಿಷಯದಲ್ಲಿ ನಾನು ಹಾಗೆ ಮಾಡಲಾರೆ. ಸಾರ್ವಜನಿಕ ಖರೀದಿಗೆ ಕಾನೂನು ತರಲು ಕೇಂದ್ರ ಸರ್ಕಾರ 2012ರಲ್ಲಿ ಮಂಡಿಸಿದ ಮಸೂದೆ ಬಿದ್ದುಹೋಯಿತು. ಕರ್ನಾಟಕವಾದರೋ 1999ರಲ್ಲೇ ಪಾರದರ್ಶಕತೆ ಅಧಿನಿಯಮ ಮಾಡಿತು. ನಮ್ಮ ಗುತ್ತಿಗೆದಾರರೆಲ್ಲ ಬಲ್ಲ ಕೆಟಿಪಿಪಿ ಕಾಯ್ದೆ ಅದೇ. ಟೆಂಡರ್ ಪ್ರಕಟಣೆ, ಪರಿಶೀಲನೆ, ಅನ್ಯಾಯವಾದರೆ 30 ದಿನದೊಳಗೆ ಮೇಲ್ಮನವಿ, ಎಲ್ಲವೂ ಅದರಲ್ಲಿವೆ.

ನನ್ನ ತಕರಾರು ಅದರ ನಾಲ್ಕನೇ ಕಲಮಿನ ಬಗ್ಗೆ. ನಿಗದಿತ ಮೊತ್ತಕ್ಕಿಂತ ಕಡಿಮೆಯ ಖರೀದಿಗೆ ಅಲ್ಲಿ ಟೆಂಡರಿನಿಂದ ವಿನಾಯಿತಿ ಇದೆ. ಸರ್ಕಾರ ಅಧಿಸೂಚನೆ ಹೊರಡಿಸಿ ಬಿಟ್ಟುಕೊಡುವ ಕೆಲಸಗಳಿಗೆ ‘4ಜಿ’ ವಿನಾಯಿತಿ, ಅಂದರೆ ಅದೇ ಕಲಮಿನ ‘ಜಿ’ ಖಂಡದ್ದು, ಬೇರೆ. ದೊಡ್ಡ ಕಾಮಗಾರಿಯನ್ನು ತುಂಡು ಗುತ್ತಿಗೆಯಾಗಿ ಒಡೆಯುವ ಚಾಳಿ ಹುಟ್ಟುವುದು ಈ ಮಿತಿಯ ಅಂಚಿನಲ್ಲೇ. ಟೆಂಡರೇ ಇಲ್ಲದ ಕಡೆ ಮೇಲ್ಮನವಿಗೆ ಜಾಗವೆಲ್ಲಿ?

ಗದಗಿನಲ್ಲಿ ನನ್ನ ಚಿಕ್ಕಪ್ಪನ ಮಗ ಮುದ್ರಣಾಲಯ ನಡೆಸುತ್ತಾನೆ. ಕಚೇರಿಯೊಂದಕ್ಕೆ ರಸೀದಿ ಪುಸ್ತಕ, ವಹಿಗಳನ್ನು ಅಚ್ಚು ಹಾಕಿಕೊಡಲು ಕೊಟೇಶನ್ ಕೊಟ್ಟ. ಕಾಗದದ ತೂಕ, ಹೊಲಿಗೆ, ನಂಬರ್ ಹಾಕುವ ಕೂಲಿ, ಎಲ್ಲವನ್ನೂ ಬಿಡಿಸಿ ಬರೆದಿದ್ದ. ಕೆಲಸ ಬೇರೆಯವರ ಪಾಲಾಯಿತು. ಅವರ ದರ ಕಡಿಮೆ ಇದ್ದಿರಬಹುದು, ಅದರಲ್ಲಿ ತಪ್ಪೇನಿಲ್ಲ. ಆದರೆ ಕಾರಣ ಕೇಳಿದವನಿಗೆ ಸಿಕ್ಕಿದ್ದು ‘ಸಾಹೇಬರು ಮುಗಿಸಿದ್ದಾರೆ’ ಎಂಬ ಬಾಯಿಮಾತು. ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿದರೆ ಉತ್ತರಕ್ಕೆ 30 ದಿನ. ಅಷ್ಟರಲ್ಲಿ ಬಿಲ್ಲೇ ಪಾಸಾಗಿರುತ್ತದೆ. ಸಮಾನತೆ ಸಾರುವ ಸಂವಿಧಾನದ 14ನೇ ವಿಧಿ ಎಲ್ಲ ಸರ್ಕಾರಿ ಗುತ್ತಿಗೆಗೂ ಅನ್ವಯಿಸುತ್ತದೆ ಎಂದು ಸುಪ್ರೀಂ ಕೋರ್ಟ್ 1979ರಲ್ಲೇ ಹೇಳಿದೆ, ನಿಜ. ಆದರೆ ರಸೀದಿ ಪುಸ್ತಕದ ಲಾಭಕ್ಕಾಗಿ ಧಾರವಾಡ ಹೈಕೋರ್ಟ್ ಪೀಠದ ಮೆಟ್ಟಿಲು ಹತ್ತಲು ಯಾವ ಮುದ್ರಕನಿಗೆ ತಾಕತ್ತಿದೆ?

ನಾನಿರುವ ನೆದರ್‌ಲ್ಯಾಂಡ್ಸ್‌ನಲ್ಲಿ ಕಾಯ್ದೆಯ ಕಟ್ಟಡವೇ ಬೇರೆ. 2013ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ಅಲ್ಲಿನ ಕಾಯ್ದೆಯ ಮೊದಲ ಭಾಗದಲ್ಲಿ, ಮೊತ್ತ ಸಣ್ಣದಿದ್ದರೂ ಬಿಡದ ಮೂಲ ನಿಯಮಗಳಿವೆ. ಯಾವ ವಿಧಾನದಲ್ಲಿ ಕೊಳ್ಳಬೇಕು, ಯಾರನ್ನು ದರ ಕೇಳಬೇಕು ಎಂಬುದನ್ನು ವಸ್ತುನಿಷ್ಠವಾಗಿ ನಿರ್ಧರಿಸಬೇಕು. ಉದ್ಯಮಿ ಕೇಳಿದರೆ ಆ ಆಯ್ಕೆಯ ಕಾರಣ ತಿಳಿಸಬೇಕು. ಯುರೋಪಿಯನ್ ಒಕ್ಕೂಟ ಗೊತ್ತುಮಾಡಿದ ಮೊತ್ತದ ಮಿತಿ ದಾಟಿದ ದೊಡ್ಡ ಖರೀದಿಗೆ ಇದರ ಮೇಲೆ ಇನ್ನಷ್ಟು ಬಿಗಿ: ಗೆದ್ದವರು ಯಾರು, ಅವರ ಹೆಚ್ಚುಗಾರಿಕೆ ಏನು ಎಂದು ಸೋತವರಿಗೆ ತಿಳಿಸಿ, 20 ದಿನ ಕರಾರಿಗೆ ಸಹಿ ಹಾಕದೆ ಕಾಯಬೇಕು. ತಕರಾರಿದ್ದವರು ಆ ಅವಧಿಯಲ್ಲಿ ನ್ಯಾಯಾಲಯಕ್ಕೆ ಹೋಗಬಹುದು. ವಕೀಲರ ಖರ್ಚು ಅಲ್ಲೂ ಕಡಿಮೆಯೇನಲ್ಲ. ಸಣ್ಣವರು ಅಲ್ಲೂ ಹಿಂಜರಿಯುತ್ತಾರೆ. ಆದರೂ ಕಾರಣ ಕೇಳುವ ಹಕ್ಕು ಸಣ್ಣವನಿಗೂ ಇದೆ. ನಾಳೆ ಯಾರಾದರೂ ಕೇಳಿಯಾರು ಎಂದು ಗೊತ್ತಿರುವ ಅಧಿಕಾರಿ ಕಡತವನ್ನು ಹುಷಾರಾಗಿಯೇ ಬರೆಯುತ್ತಾನೆ.

ಪ್ರತಿ ಸಣ್ಣ ಖರೀದಿಗೂ ಟೆಂಡರ್ ಕರೆಯಿರಿ ಎಂದು ನಾನು ಹೇಳುತ್ತಿಲ್ಲ. ಹಾಗೆ ಮಾಡಿದರೆ ಹಾವೇರಿಯ ಶಾಲೆಯೊಂದು ಸೀಮೆಸುಣ್ಣ ಕೊಳ್ಳುವಷ್ಟರಲ್ಲಿ ಪರೀಕ್ಷೆಯೇ ಬಂದುಬಿಡುತ್ತದೆ. ವಿನಾಯಿತಿಗಳೆಲ್ಲ ಇರಲಿ. ಆದರೆ ಯಾರಲ್ಲಿ ದರ ಕೇಳಿದೆವು, ಯಾರಿಗೆ ಏಕೆ ಕೊಟ್ಟೆವು ಎಂಬುದನ್ನು ಕೊಟೇಶನ್ ಕೊಟ್ಟವರಿಗೆ ವಾರದೊಳಗೆ ಬರೆದು ತಿಳಿಸಬೇಕೆಂಬ ಉಪಕಲಮೊಂದು ನಾಲ್ಕನೇ ಕಲಮಿಗೆ ಸೇರಲಿ. 4ಜಿ ಕೆಲಸಗಳಿಗೂ ಅದು ಅನ್ವಯಿಸಲಿ. ಬೆಳಗಾವಿಯಲ್ಲಿ ಅಧಿವೇಶನ ಕೂಡಿದಾಗ ಧಾರವಾಡ, ಗದಗ, ಹಾವೇರಿಯ ಶಾಸಕರು ಪಕ್ಷ ಮರೆತು ಈ ತಿದ್ದುಪಡಿಯನ್ನು ಕೇಳಬೇಕು.