ಟ್ಯಾಂಗೋದ ಚೆಲುವೆ ಮೋಸಗಾತಿಯೇ?

ಅರ್ಜೆಂಟೀನಾದ ಟ್ಯಾಂಗೋ ಹಾಡುಗಳ ಬಗ್ಗೆ ಒಂದು ಮಾತು ಜಾಸ್ತಿ ಕಿವಿಗೆ ಬೀಳುತ್ತೆ. ಚೆಲುವೆ ಬಂದಳು, ಮರುಳು ಮಾಡಿದಳು, ಕೈಕೊಟ್ಟು ಹೋದಳು, ಎಲ್ಲಾ ಹಾಡಿನದೂ ಇದೇ ಕಥೆ ಅಂತ. ನನಗೆ ಒಪ್ಪಿಗೆಯಿಲ್ಲ. ಅವಳು ಯಾಕೆ ಹೋದಳು ಅನ್ನೋದನ್ನೂ ಅದೇ ಹಾಡುಗಳು ಹೇಳುತ್ತವೆ. ನಾವು ಸುಮ್ನೆ ಗಂಡಸಿನ ಅಳು ಕೇಳಿ ಎದ್ದುಬಿಡುತ್ತೇವೆ.

1917ರಲ್ಲಿ ಟ್ಯಾಂಗೋದ ಹೆಸರಾಂತ ಗಾಯಕ ಕಾರ್ಲೋಸ್ ಗಾರ್ಡೆಲ್ 'ಮಿ ನೊಚೆ ತ್ರಿಸ್ತೆ' (ನನ್ನ ದುಃಖದ ರಾತ್ರಿ) ಹಾಡಿದರು. ಸಾಹಿತ್ಯ ಪಾಸ್ಕ್ವಾಲ್ ಕೊಂತುರ್ಸಿಯದು. ಟ್ಯಾಂಗೋ ಹಾಡು ಕಥೆ ಹೇಳುವ ದಾರಿ ಹಿಡಿದದ್ದು ಇಲ್ಲಿಂದ. ಬಿಟ್ಟುಹೋದವಳ ಬಗ್ಗೆ ಗಂಡಸಿನ ದೂರು ಮೊದಲ ಕೆಲವು ಸಾಲುಗಳಲ್ಲೇ ಮುಗಿಯುತ್ತೆ. ಉಳಿದದ್ದು ಹೆಚ್ಚಾಗಿ ಅವನ ಕೋಣೆ. ಬೀರುವಿನಲ್ಲಿ ನೇತುಹಾಕಿದ ಗಿಟಾರ್, ಬೆಳಗಲು ಒಲ್ಲದ ದೀಪ, ಅತ್ತಂತೆ ಮಂಜಾದ ಕನ್ನಡಿ. ಅಲ್ಲಿನವರು ಚಹಾದ ಹಾಗೆ ಕುಡಿಯುವ 'ಮಾತೆ' ಅನ್ನೋ ಪಾನೀಯದ ಜೊತೆ ತಿನ್ನಲು ಅವಳಿದ್ದಾಗಿನ ಹಾಗೇ ಇವತ್ತೂ ಬಿಸ್ಕತ್ತು ತರುತ್ತಾನೆ. ಬಂದರೂ ಬರಬಹುದು ಅಂತ ರಾತ್ರಿ ಬಾಗಿಲು ತೆರೆದೇ ಮಲಗುತ್ತಾನೆ. ಇಷ್ಟು ಪ್ರೀತಿಯಿಂದ ಕಾಯುವವನ ಹಾಡನ್ನು ಮೋಸದ ಹಾಡು ಅಂತ ಹೇಗೆ ಕರೆಯೋದು?

ಟ್ಯಾಂಗೋದ ಊರು, ಅರ್ಜೆಂಟೀನಾದ ರಾಜಧಾನಿ, ಆಗಿನ ಬ್ಯೂನಸ್ ಐರಿಸ್ ನೆನಪಿಸಿಕೊಳ್ಳಿ. ಊರಿನ ಹತ್ತಿರಹತ್ತಿರ ಅರ್ಧ ಜನ ಹಡಗು ಹತ್ತಿ ಬಂದವರು, ಹೆಚ್ಚಿನವರು ಇಟಲಿ, ಸ್ಪೇನಿನವರು. ಅವರಲ್ಲಿ ಗಂಡಸರೇ ಜಾಸ್ತಿ. ಬಡವರಿಗೆ ವಠಾರದ ಒಂದೊಂದು ಕೋಣೆಯಲ್ಲಿ ಇಡೀ ಸಂಸಾರ. ಅಲ್ಲಿ ಬೆಳೆದ ಹುಡುಗಿಗೆ ಹೊಲಿಗೆ, ಬಟ್ಟೆ ಒಗೆಯೋದು ಬಿಟ್ಟರೆ ಇದ್ದ ದಾರಿಗಳು ಕಡಿಮೆ. ಅವುಗಳಲ್ಲೊಂದು ಪೇಟೆಯ ಕ್ಯಾಬರೆ. 1920ರ 'ಮಿಲೊಂಗಿತಾ' ಆ ಹುಡುಗಿಯದೇ ಹಾಡು. ನಿನಗೆ ಕೇಡು ಮಾಡಿದ್ದು ಗಂಡಸರು ಅಂತ ಅದು ನೇರವಾಗಿಯೇ ಹೇಳುತ್ತೆ.

ಸೆಲೆದೋನಿಯೊ ಫ್ಲೋರೆಸ್ ಬರೆದ 'ಮಾನೊ ಅ ಮಾನೊ' ನನಗೆ ಎಲ್ಲಕ್ಕಿಂತ ಇಷ್ಟ. ಅವಳು ದುಡ್ಡಿದ್ದವನ ಜೊತೆ ಹೋಗಿದ್ದಾಳೆ. ಇವನು ಚುಚ್ಚುತ್ತಾನೆ, ಹಂಗಿಸುತ್ತಾನೆ. ಆದರೆ ಬಡತನದಲ್ಲಿ ನೀನು ನನಗೆ ಒಳ್ಳೆಯವಳಾಗಿದ್ದೆ ಅಂತ ಒಪ್ಪಿಕೊಳ್ಳುತ್ತಾನೆ. ಇಬ್ಬರ ಲೆಕ್ಕವೂ ಚುಕ್ತಾ. ಕೊನೆಗೆ, ನಿನಗೆ ವಯಸ್ಸಾಗಿ ಯಾರೂ ಇಲ್ಲದಾಗ ಈ ಗೆಳೆಯನನ್ನು ನೆನಪಿಸಿಕೋ, ಬರ್ತೀನಿ ಅನ್ನುತ್ತಾನೆ. ಸಿಟ್ಟು, ಋಣ ಎರಡೂ ಒಂದೇ ಬಾಯಲ್ಲಿ ಬಂದಾಗ ನನಗೆ ಗಂಟಲು ಕಟ್ಟುತ್ತೆ.

ಹಾಗಂತ ಎಲ್ಲವನ್ನೂ ಹೊಗಳಲಾರೆ. 1931ರ 'ತೋಮೊ ಇ ಓಬ್ಲಿಗೊ'ದಲ್ಲಿ ಹಾಡುವ ಗಂಡಸು, ಅವಳನ್ನು ಕೊಲ್ಲದೆ ಹೇಗೆ ತಡೆದುಕೊಂಡೆನೋ ಅನ್ನುತ್ತಾನೆ. ಹೆಣ್ಣುಗಳೆಲ್ಲ ಕೆಟ್ಟ ಪ್ರತಿಫಲವನ್ನೇ ಕೊಡುತ್ತಾರೆ, ಪ್ರೀತಿಗೆ ಬೀಳಬೇಡ ಅಂತ ಬುದ್ಧಿಯನ್ನೂ ಹೇಳುತ್ತಾನೆ. ಗಾರ್ಡೆಲ್ ಕಂಠ ಎಷ್ಟೇ ಸೊಗಸಾಗಿರಲಿ, ಆ ಮಾತು ನನಗೆ ಸಹಿಸಲಾಗದು.

ಇನ್ನು ಮರುಳು ಮಾಡಿ ಕೈಕೊಡುವ ಗಂಡಸು? ಅವನೂ ಇದ್ದಾನೆ. ಗಾಯಕಿ ಅಸುಸೆನಾ ಮೈಸಾನಿ ತಾವೇ ಬರೆದು, ರಾಗ ಹಾಕಿ ಹಾಡಿದ 'ಪೆರೊ ಯೊ ಸೆ' ಕೇಳಿ. ರಾತ್ರಿಯಾದ ಮೇಲೆ ಏಳುವ ಶೋಕಿಲಾಲ, ದಿನಕ್ಕೊಬ್ಬಳನ್ನು ಹುಡುಕಿ ಹೊರಡುತ್ತಾನೆ. ಆಕೆ ಅಳೋದಿಲ್ಲ, ಬೈಯೋದೂ ಇಲ್ಲ. ಯಾರನ್ನೋ ಮರೆಯೋಕೆ ನೀನು ಹೀಗೆ ಹೆಣ್ಣುಗಳನ್ನು ಬದಲಿಸುತ್ತಿದ್ದೀಯ, ನನಗೆ ಗೊತ್ತು ಅನ್ನುತ್ತಾಳೆ. ಗಂಡಸರು ಬರೆದ ಎಷ್ಟು ಹಾಡುಗಳಲ್ಲಿ ಬಿಟ್ಟುಹೋದವಳ ಮನಸ್ಸನ್ನು ಯಾರಾದರೂ ಹೀಗೆ ಓದಿದ್ದಾರೆ, ಹೇಳಿ?